ಕಿಡ್ನಿ ಹೋಗುವವರೆಗೂ ಕಾಯಬೇಕಿತ್ತಾ?

"ಹಾಗಾದ್ರೆ ಇದನ್ನ ಮೊದಲೇ ಯಾಕೆ ಮಾಡ್ಲಿಲ್ಲ ಡಾಕ್ಟ್ರೇ?"

ಅಮ್ಮ ಹೀಗೆ ಕೇಳಿದ್ದು 2016ರಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಪಕ್ಕದಲ್ಲಿ ತಮ್ಮ ಕೂತಿದ್ದ. ಅವನ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದ ಗಾಯ ಇನ್ನೂ ಹಸಿ. ಡಾಕ್ಟ್ರು ಆಗಷ್ಟೇ ವಿವರಿಸಿದ್ದರು. ಕಿಡ್ನಿಯ ಜೊತೆಗೆ, ಇನ್ಸುಲಿನ್ ಮಾಡುವ ಅಂಗವಾದ ಪ್ಯಾಂಕ್ರಿಯಾಸ್ ಕೂಡ ಕಸಿ ಮಾಡಬಹುದು. ಎರಡೂ ಒಬ್ಬರೇ ದಾನಿಯಿಂದ ಬರುತ್ತವೆ. ಚೆನ್ನಾಗಿ ಕೂಡಿಕೊಂಡರೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಇರುವುದಿಲ್ಲ.

ಇಪ್ಪತ್ತೆಂಟು ವರ್ಷ ಅಮ್ಮ ಹರಕೆ ಹೊತ್ತಿದ್ದು ಇದೊಂದೇ ಮಾತಿಗೆ. ಆದರೆ ಅದು ಕಿವಿಗೆ ಬಿದ್ದಾಗ ಅವಳಿಗೆ ಸಂತೋಷ ಆಗಲಿಲ್ಲ, ಸಿಟ್ಟು ಬಂತು. ನನಗೂ ಬಂತು. ಕಣ್ಣು ಅರ್ಧ ಹೋಯಿತು, ಕಾಲಿನ ಸ್ಪರ್ಶ ಹೋಯಿತು, ಕಿಡ್ನಿ ಪೂರ್ತಿ ಹೋಯಿತು. ಈಗ ಹೇಳ್ತಾರಾ ಇಂಥದ್ದೊಂದು ದಾರಿ ಇದೆ ಅಂತ?

ಡಾಕ್ಟ್ರು ಅವತ್ತು ಸಮಾಧಾನವಾಗಿಯೇ ಉತ್ತರ ಕೊಟ್ಟರು. ಅದು ನನ್ನ ತಲೆಗೆ ಇಳಿಯಲು ಒಂದು ವರ್ಷವೇ ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಈಗ ಮಕ್ಕಳಿಗೆ ತಮ್ಮನ ಹಾಗೇ ಟೈಪ್ ಒನ್ ಸಕ್ಕರೆ ಕಾಯಿಲೆ ಇರುವ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡುತ್ತಾರೆ. ಎಲ್ಲರೂ ಅಮ್ಮನ ಪ್ರಶ್ನೆಯನ್ನೇ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ತಮ್ಮನಿಗೆ ಕಾಯಿಲೆ ಗೊತ್ತಾದದ್ದು 1988ರಲ್ಲಿ. ಹತ್ತು ವರ್ಷದ ಹುಡುಗ. ರಾತ್ರಿಯೆಲ್ಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಬಚ್ಚಲಿಗೆ ಹೋಗಿ ಬಂದರೆ ಇರುವೆ ಮುತ್ತುತ್ತಿತ್ತು. ಹುಳಕ್ಕೆ ಔಷಧಿ ಕೊಡಿಸಿದರು, ದೃಷ್ಟಿ ತೆಗೆದರು. ಒಂದು ದಿನ ಸ್ಕೂಲಿನಲ್ಲೇ ಬಿದ್ದ. ತುಮಕೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಪ್ರಜ್ಞೆ ಇರಲಿಲ್ಲ.

ಆಗ ಗಾಜಿನ ಸಿರಿಂಜು. ದಿನಾ ಬೆಳಿಗ್ಗೆ ಹಾಲು ಕಾಯುವ ಮೊದಲು ಒಲೆ ಮೇಲೆ ಸಿರಿಂಜು ಕುದಿಯುತ್ತಿತ್ತು. ಫ್ರಿಜ್ ಇರಲಿಲ್ಲ. ಮಡಕೆಗೆ ಒದ್ದೆ ಮರಳು ತುಂಬಿ ಅದರೊಳಗೆ ಇನ್ಸುಲಿನ್ ಬಾಟಲಿ ಇಡುತ್ತಿದ್ದೆವು. ಶುಗರ್ ನೋಡಲು ಮೀಟರ್ ಇಲ್ಲ. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನಮ್ಮ ಮನೆಯಲ್ಲಿ ಇಟ್ಟಿಗೆ ಕೆಂಪು ಬಂದ ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆ ಕಾಲದ ಇನ್ಸುಲಿನ್ ಹಸು, ಹಂದಿಯ ಪ್ಯಾಂಕ್ರಿಯಾಸ್‌ನಿಂದ ತೆಗೆದದ್ದು. ಅಪ್ಪನಿಗೆ ಗೊತ್ತಿತ್ತು. ಅಜ್ಜಿಗೆ ಕೊನೆಯವರೆಗೂ ಹೇಳಲಿಲ್ಲ.

ಶುಗರ್ ಅಂದರೆ ಜಾಸ್ತಿ ಆಗುವ ಕಾಯಿಲೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಟೈಪ್ ಒನ್ ಇರುವ ಮನೆಯಲ್ಲಿ ಭಯ ಇರುವುದು ಕಡಿಮೆ ಆಗುವುದರ ಬಗ್ಗೆ. "ಲೋ ಆಯ್ತು" ಅನ್ನುತ್ತೇವೆ. ಮೊದಮೊದಲು ಲೋ ಆದಾಗ ಮೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ. ದೇಹವೇ ಕೂಗಿ ಹೇಳುತ್ತದೆ, ಏನಾದರೂ ತಿನ್ನು ಅಂತ. ವರ್ಷಗಳು ಕಳೆದಂತೆ ಕೆಲವರಲ್ಲಿ ಆ ಕೂಗು ನಿಂತುಹೋಗುತ್ತದೆ. ಶುಗರ್ 40ಕ್ಕೆ ಇಳಿದಿದ್ದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಸುಮ್ನೆ ಮಾತು ತೊದಲುತ್ತದೆ, ಆಮೇಲೆ ಬಿದ್ದುಬಿಡುತ್ತಾನೆ. ತಮ್ಮನಿಗೆ ಮೂವತ್ತರ ಹೊತ್ತಿಗೆ ಹೀಗಾಯಿತು. ಒಮ್ಮೆ ಕೊಬ್ಬರಿ ಹರಾಜು ಮುಗಿಸಿ ಬರುವಾಗ ಬೈಕಿನ ಸಮೇತ ಮೋರಿಗೆ ಬಿದ್ದ. ನೋಡಿದವರು ಕುಡಿದಿದ್ದಾನೆ ಅಂದುಕೊಂಡು ಅರ್ಧ ಗಂಟೆ ಹತ್ತಿರ ಹೋಗಲಿಲ್ಲ.

ಅಂದಿನಿಂದ ಅಮ್ಮ ರಾತ್ರಿ ಮೂರು ಗಂಟೆಗೆ ಏಳುತ್ತಿದ್ದಳು. ದೀಪ ಹಾಕುತ್ತಿರಲಿಲ್ಲ. ಕತ್ತಲಲ್ಲೇ ಹೋಗಿ ಅವನ ಕತ್ತಿನ ಹಿಂದೆ ಕೈ ಇಡುತ್ತಿದ್ದಳು. ಒಣಗಿದ್ದರೆ ವಾಪಸ್ ಬಂದು ಮಲಗುತ್ತಿದ್ದಳು. ಒದ್ದೆ ಇದ್ದರೆ ಎಬ್ಬಿಸಿ ಸಕ್ಕರೆ ನೀರು. ಅವನಿಗೆ ಮದುವೆ ಆದ ಮೇಲೂ ಬಾಗಿಲು ತಟ್ಟಿ ಹೋಗುತ್ತಿದ್ದಳು. ನಮ್ಮ ನಾದಿನಿ ಒಳ್ಳೆಯ ಹುಡುಗಿ, ಬೇಜಾರು ಮಾಡಿಕೊಳ್ಳಲಿಲ್ಲ.

ಪ್ಯಾಂಕ್ರಿಯಾಸ್ ಅಂದರೆ ಹೊಟ್ಟೆಯ ಹಿಂದೆ ಅಡ್ಡ ಮಲಗಿರುವ, ನೂರು ಗ್ರಾಂ ಆಸುಪಾಸಿನ ಅಂಗ. ಪಠ್ಯಪುಸ್ತಕದಲ್ಲಿ ಮೇದೋಜೀರಕ ಗ್ರಂಥಿ ಅಂತ ಓದಿರುತ್ತೀರಿ. ಅದರ ಹೆಚ್ಚಿನ ಭಾಗದ ಕೆಲಸ ಊಟ ಕರಗಿಸುವ ರಸ ಮಾಡುವುದು. ಆ ಮಾಂಸದ ನಡುವೆ ಅಲ್ಲಲ್ಲಿ ಚುಕ್ಕೆಗಳಂತೆ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಮೊದಲು ಅವನ್ನು ಗುರುತಿಸಿದ. ಎಲ್ಲ ಸೇರಿಸಿದರೂ ಒಂದೆರಡು ಗ್ರಾಂ. ಇನ್ಸುಲಿನ್ ತಯಾರಾಗುವುದು ಅಲ್ಲಿ. ಟೈಪ್ ಒನ್‌ನಲ್ಲಿ ನಮ್ಮದೇ ದೇಹದ ಕಾವಲು ಪಡೆ ಈ ಕೋಶಗಳನ್ನು ಶತ್ರು ಅಂದುಕೊಂಡು ಕೊಲ್ಲುತ್ತದೆ.

ಒಂದೆರಡು ಗ್ರಾಂ ಕೆಲಸಕ್ಕೆ ಇಡೀ ಅಂಗವನ್ನು ಕೂರಿಸಬೇಕು. ಈ ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಇನ್ಸುಲಿನ್ ಸಿಗುವ ಮೊದಲೇ ಇಂಥ ಪ್ರಯತ್ನ ಒಂದು ನಡೆದಿತ್ತು. 1893ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಸಾಯುವ ಸ್ಥಿತಿಯಲ್ಲಿದ್ದ ಹದಿನೈದು ವರ್ಷದ ಹುಡುಗನ ಚರ್ಮದ ಕೆಳಗೆ ವಾಟ್ಸನ್ ವಿಲಿಯಮ್ಸ್ ಎಂಬ ವೈದ್ಯರು ಕುರಿಯ ಪ್ಯಾಂಕ್ರಿಯಾಸ್ ತುಂಡುಗಳನ್ನು ಇಟ್ಟರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. ಇನ್ಸುಲಿನ್ ಮನುಷ್ಯರ ಕೈಗೆ ಬಂದದ್ದು ಟೊರಾಂಟೋದಲ್ಲಿ, 1922ರಲ್ಲಿ. ಆಮೇಲೆ ಟೈಪ್ ಒನ್ ಮಕ್ಕಳು ಬದುಕಿದರು, ದೊಡ್ಡವರಾದರು. ಆಗಲೇ ಗೊತ್ತಾದದ್ದು, ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಕಣ್ಣು, ನರ, ಕಿಡ್ನಿ ಒಂದೊಂದಾಗಿ ಕೈಕೊಡುತ್ತವೆ ಅಂತ.

ಮನುಷ್ಯನಿಂದ ಮನುಷ್ಯನಿಗೆ ಮೊದಲ ಪ್ಯಾಂಕ್ರಿಯಾಸ್ ಕಸಿ ನಡೆದದ್ದು 1966ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹೈ ಮಾಡಿದರು. ರೋಗಿ 28 ವರ್ಷದ ಹೆಣ್ಣುಮಗಳು. ಕಿಡ್ನಿ ಕೆಟ್ಟಿತ್ತು. ಆಕೆಗೆ ಕಿಡ್ನಿ ಮತ್ತು ಪ್ಯಾಂಕ್ರಿಯಾಸ್‌ನ ಒಂದು ಭಾಗ ಎರಡನ್ನೂ ಒಟ್ಟಿಗೆ ಹಾಕಿದರು. ಆರು ದಿನ ಆಕೆಗೆ ಇನ್ಸುಲಿನ್ ಬೇಕಾಗಲಿಲ್ಲ. ಆಮೇಲೆ ಬೇಕಾಯಿತು. ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡರು.

ಆ ಆರು ದಿನಗಳ ಬಗ್ಗೆ ನಾನು ತುಂಬಾ ಸಲ ಯೋಚಿಸಿದ್ದೇನೆ. ಆಕೆಯ ಜೊತೆ ಯಾರಿದ್ದರು? ಸೂಜಿ ಇಲ್ಲದೆ ಬೆಳಗಾದಾಗ ಏನನ್ನಿಸಿರಬೇಕು? ಲಿಲ್ಲೆಹೈ ಮತ್ತು ಅವರ ಜೊತೆಗಾರರು ಪ್ರಯತ್ನ ಬಿಡಲಿಲ್ಲ. 1973ರವರೆಗೆ ಅವರು ಮಾಡಿದ ಕಸಿಗಳಲ್ಲಿ ವರ್ಷ ದಾಟಿ ಕೆಲಸ ಮಾಡಿದ್ದು ಒಂದೇ ಒಂದು. ಅಂದಹಾಗೆ, ಈ ರಿಚರ್ಡ್ ಲಿಲ್ಲೆಹೈ ಹೃದಯದ ಶಸ್ತ್ರಚಿಕಿತ್ಸೆಗೆ ಹೆಸರಾದ ವಾಲ್ಟನ್ ಲಿಲ್ಲೆಹೈ ಅವರ ತಮ್ಮ. ಇಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿದ್ದರು.

ತೊಡಕು ಇದ್ದದ್ದು ಆ ಜೀರ್ಣರಸದ್ದು. ಮಾಂಸವನ್ನೇ ಕರಗಿಸುವ ರಸ ಅದು. ಹೊಸ ಜಾಗದಲ್ಲಿ ಅದನ್ನು ಎಲ್ಲಿಗೆ ಹರಿಸುವುದು? ಮೊದಲ ರೋಗಿಯಲ್ಲಿ ನಾಳವನ್ನೇ ಕಟ್ಟಿಬಿಟ್ಟಿದ್ದರು. ಒಳಗೇ ಉರಿಯೂತ ಆಯಿತು. ಆಮೇಲೆ ಕೆಲವರು ನಾಳದೊಳಗೆ ರಬ್ಬರಿನಂಥ ದ್ರವ ತುಂಬಿಸಿ ಮುಚ್ಚಿದರು. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನ ಹ್ಯಾನ್ಸ್ ಸೋಲಿಂಗರ್ ರಸವನ್ನು ಮೂತ್ರಕೋಶಕ್ಕೆ ಹರಿಸುವ ದಾರಿ ರೂಢಿಗೆ ತಂದರು. ಅದು ಬಹಳ ಜೀವ ಉಳಿಸಿತು, ಮೂತ್ರ ಪರೀಕ್ಷೆಯಲ್ಲೇ ಅಂಗದ ಆರೋಗ್ಯ ತಿಳಿಯುತ್ತಿತ್ತು. ಆದರೆ ಮೂತ್ರಕೋಶ ಉರಿಯುತ್ತಿತ್ತು, ದೇಹದ ನೀರು ಲವಣ ಸೋರಿಹೋಗುತ್ತಿತ್ತು. ಈಗ ಹೆಚ್ಚಿನ ಕಡೆ ರಸವನ್ನು ಸಣ್ಣ ಕರುಳಿಗೇ ಜೋಡಿಸುತ್ತಾರೆ. ದಾನಿಯ ಕರುಳಿನ ಒಂದು ತುಂಡು ಪ್ಯಾಂಕ್ರಿಯಾಸ್‌ಗೆ ಅಂಟಿಕೊಂಡೇ ಬರುತ್ತದೆ. ಅದನ್ನು ರೋಗಿಯ ಕರುಳಿಗೆ ಹೊಲಿಯುತ್ತಾರೆ. ಹಳೆಯ ಪ್ಯಾಂಕ್ರಿಯಾಸ್ ಅಲ್ಲೇ ಇರುತ್ತದೆ, ತೆಗೆಯುವುದಿಲ್ಲ. ಹೊಸದು ಕಿಬ್ಬೊಟ್ಟೆಯ ಬಲಕ್ಕೆ, ಕಿಡ್ನಿ ಎಡಕ್ಕೆ.

ಹೊಸ ಅಂಗವನ್ನು ದೇಹ ತಳ್ಳದಂತೆ ತಡೆಯುವ ಮಾತ್ರೆಗಳು, ಮೊದಲು ಸೈಕ್ಲೋಸ್ಪೋರಿನ್, ಆಮೇಲೆ ಟ್ಯಾಕ್ರೋಲಿಮಸ್, ಬಂದ ಮೇಲೆ ಫಲಿತಾಂಶ ಬೇರೆಯೇ ಆಯಿತು. 2010ರ ಹೊತ್ತಿಗೆ ಜಗತ್ತಿನಲ್ಲಿ 35,000ಕ್ಕೂ ಹೆಚ್ಚು ಪ್ಯಾಂಕ್ರಿಯಾಸ್ ಕಸಿಗಳು ದಾಖಲಾಗಿದ್ದವು. ಕಿಡ್ನಿ ಜೊತೆ ಹಾಕಿದ ಪ್ಯಾಂಕ್ರಿಯಾಸ್ ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ವರ್ಷ ದಾಟಿಸುತ್ತದೆ.

ಇಷ್ಟು ಓದಿದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿ ಆಯಿತು. ಇಷ್ಟು ಚೆನ್ನಾಗಿ ಆಗುತ್ತಿದ್ದರೆ ಹತ್ತು ವರ್ಷದ ಹುಡುಗನಿಗೇ ಮಾಡಬಹುದಿತ್ತು, ಅಲ್ವಾ?

ಉತ್ತರ ಮಾತ್ರೆಯಲ್ಲಿದೆ. ಬೇರೆಯವರ ಅಂಗವನ್ನು ನಮ್ಮ ದೇಹ ಒಪ್ಪುವುದಿಲ್ಲ. ಒಪ್ಪಿಸಲು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಬೇಕು, ಅದೂ ಅಂಗ ಕೆಲಸ ಮಾಡುವಷ್ಟು ಕಾಲ. ಸೋಂಕು ಬೇಗ ಹತ್ತುತ್ತದೆ. ಕೆಲವು ಬಗೆಯ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಅದೇ ಟ್ಯಾಕ್ರೋಲಿಮಸ್ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಇನ್ಸುಲಿನ್ ಮಾಡುವ ಕೋಶಗಳಿಗೂ ಅದು ಒಳ್ಳೆಯದಲ್ಲ. ಹತ್ತು ವರ್ಷದ, ಕಿಡ್ನಿ ಗಟ್ಟಿಯಾಗಿರುವ ಹುಡುಗನಿಗೆ ಸೂಜಿ ತಪ್ಪಿಸಲು ಹೋಗಿ ಇದನ್ನೆಲ್ಲ ಮೈಮೇಲೆ ಹಾಕಿದಂತಾಗುತ್ತದೆ. ಕಿಡ್ನಿ ಹೋದವನ ಲೆಕ್ಕ ಬೇರೆ. ಅವನಿಗೆ ಕಿಡ್ನಿ ಕಸಿ ಹೇಗೂ ಬೇಕು. ಕಿಡ್ನಿ ಉಳಿಸಿಕೊಳ್ಳಲು ಇದೇ ಮಾತ್ರೆಗಳನ್ನು ಹೇಗೂ ನುಂಗಬೇಕು. ಮಾತ್ರೆಯ ಬೆಲೆ ಕಟ್ಟಿ ಆಗಿದೆ. ಆ ಬೆಲೆಯಲ್ಲೇ ಪ್ಯಾಂಕ್ರಿಯಾಸ್ ಕೂಡ ಬರಲಿ ಅನ್ನುವುದು ಲೆಕ್ಕ. 1966ರಲ್ಲಿ ಕೆಲ್ಲಿ, ಲಿಲ್ಲೆಹೈ ಮೊದಲ ರೋಗಿಗೆ ಎರಡನ್ನೂ ಒಟ್ಟಿಗೆ ಹಾಕಿದ್ದರ ಅರ್ಥ ನನಗೆ ಆಗ ಹೊಳೆಯಿತು.

ಮಿನ್ನೆಸೋಟದಲ್ಲೇ ನಡೆದ ಇನ್ನೊಂದು ಸಂಗತಿ ನನ್ನ ಬಾಯಿ ಮುಚ್ಚಿಸಿತು. ಡೇವಿಡ್ ಸದರ್‌ಲ್ಯಾಂಡ್ ಎಂಬ ಸರ್ಜನ್ ಅಲ್ಲಿ ಬದುಕಿರುವ ದಾನಿಯ ಪ್ಯಾಂಕ್ರಿಯಾಸ್‌ನ ಅರ್ಧ ತೆಗೆದು ರೋಗಿಗೆ ಕೂರಿಸುವುದನ್ನು 1979ರಲ್ಲಿ ಶುರುಮಾಡಿದ್ದರು. ಕೆಲವು ಜೋಡಿಗಳು ತದ್ರೂಪಿ ಅವಳಿಗಳು. ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಇಲ್ಲ. ಅವಳಿಯ ಅಂಗವನ್ನು ದೇಹ ತನ್ನದೇ ಅಂದುಕೊಳ್ಳುತ್ತದೆ, ಹಾಗಾಗಿ ಮೊದಲು ಮಾಡಿದವರಿಗೆ ಮಾತ್ರೆ ಕೊಡಲಿಲ್ಲ. ಅಂಗವನ್ನು ದೇಹ ತಳ್ಳಲಿಲ್ಲ. ಆದರೆ ಕಾಯಿಲೆ ವಾಪಸ್ ಬಂತು. ಹಳೆಯ ಶತ್ರುವನ್ನು ಗುರುತಿಟ್ಟುಕೊಂಡಿದ್ದ ಕಾವಲು ಪಡೆ ಹೊಸ ಅಂಗದಲ್ಲೂ ಅದೇ ಕೋಶಗಳನ್ನು ಹುಡುಕಿ ಕೊಂದಿತ್ತು. ಅಂದರೆ ನಾನು ತಮ್ಮನ ಅವಳಿಯೇ ಆಗಿ ಹುಟ್ಟಿದ್ದರೂ ಮಾತ್ರೆ ತಪ್ಪುತ್ತಿರಲಿಲ್ಲ.

ಹಾಗಂತ ಕಿಡ್ನಿ ಚೆನ್ನಾಗಿರುವವರಿಗೆ ಪ್ಯಾಂಕ್ರಿಯಾಸ್ ಒಂದನ್ನೇ ಹಾಕುವುದೇ ಇಲ್ಲ ಅಂತಲ್ಲ. ಲೋ ಆಗಿದ್ದು ಗೊತ್ತೇ ಆಗದೆ ಪದೇ ಪದೇ ಪ್ರಾಣಕ್ಕೆ ಬರುವವರಿಗೆ ಮಾಡುತ್ತಾರೆ. ಆದರೆ ಅಲ್ಲಿ ತಕರಾರು ಇದೆ. 2003ರಲ್ಲಿ ಅಮೆರಿಕದ ಲೆಕ್ಕ ತೆಗೆದ ಒಂದು ಅಧ್ಯಯನ, ಹೀಗೆ ಒಂದನ್ನೇ ಹಾಕಿಸಿಕೊಂಡವರಿಗಿಂತ ಪಟ್ಟಿಯಲ್ಲಿ ಕಾಯುತ್ತಿದ್ದವರೇ ಹೆಚ್ಚು ಬದುಕಿದರು ಅಂದಿತು. ಮರುವರ್ಷ ಬೇರೆಯವರು ಅದೇ ಲೆಕ್ಕವನ್ನು ಮತ್ತೆ ತೆಗೆದು ಹಾಗೇನಿಲ್ಲ ಅಂದರು. ಇನ್ನೊಂದು ಕಡೆ 1998ರಲ್ಲಿ ಬಂದ ಒಂದು ಸಂಶೋಧನೆ ಇದೆ. ಪ್ಯಾಂಕ್ರಿಯಾಸ್ ಒಂದನ್ನೇ ಹಾಕಿಸಿಕೊಂಡ ಎಂಟು ಜನರ ಸ್ವಂತ ಕಿಡ್ನಿಯ ಚೂರುಗಳನ್ನು ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ತೆಗೆದು ನೋಡಿದರು. ಐದನೇ ವರ್ಷ ಸಕ್ಕರೆಯ ಗಾಯ ಹಾಗೇ ಇತ್ತು. ಹತ್ತನೇ ವರ್ಷಕ್ಕೆ ಮಾಯುತ್ತಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಅದನ್ನು ದೊಡ್ಡ ದೊಡ್ಡ ವೈದ್ಯರೂ ಕೇಳಿಕೊಂಡಿದ್ದಾರೆ.

ನಾನು ನನ್ನ ಕಿಡ್ನಿ ಕೊಡಲು ತಯಾರಿದ್ದೆ. ಹೊಂದಿಕೆಯೂ ಆಗಿತ್ತು. ನನ್ನದನ್ನು ತಗೊಂಡರೆ ಡಯಾಲಿಸಿಸ್ ಬೇಗ ಮುಗಿಯುತ್ತದೆ, ಪ್ಯಾಂಕ್ರಿಯಾಸ್ ಆಮೇಲೆ ನೋಡೋಣ ಅಂತ ಡಾಕ್ಟ್ರು ಅಂದರು. ತಮ್ಮ ಒಪ್ಪಲಿಲ್ಲ. "ಅಕ್ಕಾ, ನಾಳೆ ನಿನಗೂ ಶುಗರ್ ಬಂದ್ರೆ? ಆಗ ನಿನ್ನ ಹತ್ರ ಒಂದೇ ಇರುತ್ತೆ" ಅಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿದೆವು. ನಮ್ಮ ರಾಜ್ಯದಲ್ಲಿ ಮೆದುಳು ನಿಷ್ಕ್ರಿಯವಾದವರ ಅಂಗಗಳು ಯಾರಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಆ ವ್ಯವಸ್ಥೆ. ತೋಟದಲ್ಲಿ ಒಂದು ಎಕರೆ ಮಾರಿದೆವು. ಅಪ್ಪ ನೆಟ್ಟ ತೆಂಗು ಅದು.

ಮೊದಲ ಕರೆ ಬಂದದ್ದು ಹನ್ನೊಂದು ತಿಂಗಳಿಗೆ. ರಾತ್ರಿ ಹೊರಟು ಮೂರು ಗಂಟೆಯಲ್ಲಿ ಬೆಂಗಳೂರು ಸೇರಿದೆವು. ರಕ್ತ ತಗೊಂಡರು, ಹೊಟ್ಟೆ ಶೇವ್ ಮಾಡಿದರು. ಬೆಳಗಿನ ಜಾವ ಸರ್ಜನ್ ಬಂದು, ಆಗಲ್ಲ ಅಂದರು. ಪ್ಯಾಂಕ್ರಿಯಾಸ್ ತುಂಬಾ ಸೂಕ್ಷ್ಮ. ಒಳ್ಳೆಯದೋ ಅಲ್ಲವೋ ಅನ್ನುವುದು ಕೊನೆಗೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿಯೇ ಗೊತ್ತಾಗಬೇಕು. ಆ ದಾನಿಯದರಲ್ಲಿ ಕೊಬ್ಬು ತುಂಬಿತ್ತಂತೆ. ಅದಕ್ಕೇ ವಯಸ್ಸಾಗದ, ಸಣಕಲು ದಾನಿಗಳನ್ನೇ ಹೆಚ್ಚು ಹುಡುಕುತ್ತಾರೆ. ಹಾಗೆ ಹುಡುಕುವುದೆಂದರೆ ಏನರ್ಥ ಅಂತ ನನಗೆ ಹೊಳೆದದ್ದು ವಾಪಸ್ ಬರುವಾಗ, ತುಮಕೂರು ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದ ಹುಡುಗರನ್ನು ನೋಡಿದಾಗ. ನನಗೆ ಅಳು ಬಂತು. ಯಾರೋ ಸಾಯಲಿ ಅಂತ ನಾವು ಕಾಯುತ್ತಿಲ್ಲ, ಹೋದವರದ್ದು ಸಿಗಲಿ ಅಂತ ಕಾಯುತ್ತಿದ್ದೇವೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ.

ಎರಡನೇ ಕರೆ 2018ರಲ್ಲಿ. ಏಳು ಗಂಟೆ ಆಪರೇಷನ್. ನಾಲ್ಕನೇ ದಿನ ಒಳಗೆ ರಕ್ತ ಸೋರಿ ಮತ್ತೆ ಹೊಟ್ಟೆ ತೆರೆದರು. ಪ್ಯಾಂಕ್ರಿಯಾಸ್‌ಗೆ ರಕ್ತದ ಓಟ ನಿಧಾನ, ಹಾಗಾಗಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮೊದಲ ವಾರಗಳಲ್ಲಿ ಬಹಳ. ಹೆಪ್ಪುಗಟ್ಟದಿರಲಿ ಅಂತ ಔಷಧಿ ಕೊಟ್ಟರೆ ಹೀಗೆ ಸೋರುತ್ತದೆ. ಎರಡರ ನಡುವೆ ಹಗ್ಗದ ಮೇಲೆ ನಡೆದಂತೆ.

ಆದರೆ ಶುಗರ್ ಮೊದಲ ರಾತ್ರಿಯೇ ಇಳಿದಿತ್ತು. ಮೂರನೇ ದಿನ ನರ್ಸ್ ಬಂದು "117" ಅಂದರು. "ಎಷ್ಟು ಯೂನಿಟ್ ಕೊಟ್ರಿ?" ಅಂತ ತಮ್ಮ ಕೇಳಿದ. "ಕೊಟ್ಟಿಲ್ಲ" ಅಂದರು. ಅವನು ನಂಬಲಿಲ್ಲ, ಇನ್ನೊಂದು ಬೆರಳು ಚಾಚಿದ. ವಾರ ಬಿಟ್ಟು ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿದರು. ದೇಹ ತಾನೇ ಇನ್ಸುಲಿನ್ ಮಾಡಿದಾಗ ಮಾತ್ರ ಅದು ರಕ್ತದಲ್ಲಿ ಕಾಣುತ್ತದೆ, ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ಅವನ ಹಳೆಯ ರಿಪೋರ್ಟುಗಳಲ್ಲೆಲ್ಲ ಅದು ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಈಗ ಎಲ್ಲರಿಗೂ ಇರುವಷ್ಟು ಇತ್ತು. ಆ ಕಾಗದವನ್ನು ನಾದಿನಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾಳೆ.

ಕಳೆದುಹೋದದ್ದು ತಿರುಗಿ ಬರಲಿಲ್ಲ. ಬಲಗಣ್ಣು ಹೋದದ್ದು ಹೋಯಿತು. ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಅದಕ್ಕೇ ಮನೆಯೊಳಗೂ ಚಪ್ಪಲಿ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ತಪ್ಪುವಂತಿಲ್ಲ. ಕೈ ಸಣ್ಣಗೆ ನಡುಗುತ್ತದೆ, ಕೊಬ್ಬರಿ ಲೆಕ್ಕ ಬರೆಯುವುದು ಈಗ ಮಗಳು. ಹಸಿ ತರಕಾರಿ, ಹೊರಗಿನ ನೀರು, ಜಾತ್ರೆಯ ಗುಂಪು ಎಲ್ಲದಕ್ಕೂ ಎಚ್ಚರ. ಚಕ್ಕೋತ ಹಣ್ಣು ಮುಟ್ಟುವಂತಿಲ್ಲ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಿಬಿಡುತ್ತದೆ. ದೇವನಹಳ್ಳಿ ಚಕ್ಕೋತ ಅವನಿಗೆ ಪ್ರಾಣ. ಸಿಹಿ ತಿನ್ನಬಹುದು, ಹುಳಿಸಿಹಿ ಚಕ್ಕೋತ ತಿನ್ನಬಾರದು. ಎರಡನೇ ವರ್ಷ ಒಂದು ಸಲ ದೇಹ ಅಂಗದ ಮೇಲೆ ತಿರುಗಿಬಿತ್ತು. ಹತ್ತು ದಿನ ಆಸ್ಪತ್ರೆ. ಉಳಿಯಿತು.

ಫೋನ್ ಮಾಡುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೆಲ್ಲ ಹೇಳುತ್ತೇನೆ. ನಿಮ್ಮ ಮಗುವಿನ ಕಿಡ್ನಿ ಚೆನ್ನಾಗಿದ್ದರೆ ಈ ಶಸ್ತ್ರಚಿಕಿತ್ಸೆಗೆ ಆಸೆ ಪಡಬೇಡಿ, ಅದು ಬೇಕಾಗದ ಹಾಗೆ ನೋಡಿಕೊಳ್ಳಿ. ನಮ್ಮ ಕಾಲದ ಬೆನೆಡಿಕ್ಟ್ ದ್ರಾವಣ ಹೋಗಿ, ಈಗ ತೋಳಿಗೆ ಅಂಟಿಸುವ ಸೆನ್ಸರ್ ಬಂದಿದೆ. ಲೋ ಆಗುವ ಮೊದಲೇ ಕೂಗುತ್ತದೆ. ತಾನೇ ಲೆಕ್ಕ ಹಾಕಿ ಇನ್ಸುಲಿನ್ ಬಿಡುವ ಪಂಪ್ ಇದೆ. ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಅದು ಗೊತ್ತು. ಟೈಪ್ ಒನ್ ಮಕ್ಕಳಿಗೆ ಸೆನ್ಸರ್ ಸರ್ಕಾರವೇ ಕೊಡಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. ಕಿಡ್ನಿ ಸೋಲುವ ಮುನ್ಸೂಚನೆ ಅಲ್ಲಿ ಮೊದಲು ಕಾಣುತ್ತದೆ. ತಮ್ಮನಿಗೆ ಆ ಪರೀಕ್ಷೆಯನ್ನು ಹದಿನಾರು ವರ್ಷ ಯಾರೂ ಬರೆದುಕೊಡಲಿಲ್ಲ.

ಇಡೀ ಅಂಗ ಬಿಟ್ಟು ಬರೀ ಆ ಒಂದೆರಡು ಗ್ರಾಂ ಕೋಶಗಳನ್ನು ಹಾಕುವ ಕೆಲಸವೂ ನಡೆಯುತ್ತಿದೆ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಏಳು ಜನರಿಗೆ ದಾನಿಗಳ ಕೋಶಗಳನ್ನು ಯಕೃತ್ತಿನ ರಕ್ತನಾಳದೊಳಗೆ ಬಿಟ್ಟರು. ಏಳೂ ಜನ ಇನ್ಸುಲಿನ್ ಬಿಟ್ಟರು. ಆದರೆ ವರ್ಷಗಳು ಕಳೆದಂತೆ ಹೆಚ್ಚಿನವರಿಗೆ ಮತ್ತೆ ಬೇಕಾಯಿತು. ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ ಇನ್ಸುಲಿನ್ ಕೋಶಗಳ ಫಲಿತಾಂಶ 2025ರಲ್ಲಿ ಬಂತು. ಹನ್ನೆರಡರಲ್ಲಿ ಹತ್ತು ಜನ ವರ್ಷದ ಕೊನೆಗೆ ಇನ್ಸುಲಿನ್ ಇಲ್ಲದೆ ಇದ್ದರು. ಇವರಿಗೂ ಮಾತ್ರೆ ತಪ್ಪಿಲ್ಲ. 2024ರ ಕೊನೆಯಲ್ಲಿ ಸ್ವೀಡನ್‌ನಲ್ಲಿ ಒಬ್ಬರಿಗೆ, ಕಾವಲು ಪಡೆಯ ಕಣ್ಣು ತಪ್ಪಿಸುವಂತೆ ಜೀನ್ ತಿದ್ದಿದ ಕೋಶಗಳನ್ನು ಮಾತ್ರೆಯಿಲ್ಲದೆ ಮುಂಗೈ ಸ್ನಾಯುವಿಗೆ ಚುಚ್ಚಿದರು. ತೀರಾ ಸ್ವಲ್ಪವೇ ಹಾಕಿದ್ದು, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ನಿಲ್ಲಿಸುವಷ್ಟಲ್ಲ. ಆದರೂ ಆ ಕೋಶಗಳು ತಿಂಗಳುಗಳ ನಂತರವೂ ಬದುಕಿದ್ದವು. ಅಮ್ಮನಿಗೆ ಇದನ್ನು ಹೇಳಿದಾಗ "ಹಾಗಾದ್ರೆ ಮುಂದೆ ಹುಟ್ಟೋ ಮಕ್ಕಳಿಗೆ ಮೊದಲೇ ಮಾಡ್ತಾರೆ" ಅಂದಳು. ಮಾಡಲಿ ಅಂತ ನನ್ನ ಆಸೆಯೂ.

ಅಮ್ಮ ಈಗಲೂ ಮೂರು ಗಂಟೆಗೆ ಏಳುತ್ತಾಳೆ. ಎದ್ದು ನೀರು ಕುಡಿದು ಮಲಗುತ್ತಾಳೆ.

ದಾನಿ ಯಾರು ಅಂತ ನಮಗೆ ಹೇಳಿಲ್ಲ, ಹೇಳುವ ಹಾಗೂ ಇಲ್ಲ. ಡಾಕ್ಟ್ರು ಅಂದದ್ದು ಇಷ್ಟೇ: "ಚಿಕ್ಕ ವಯಸ್ಸಿನವರು. ರಸ್ತೆ ಅಪಘಾತ. ಮನೆಯವರು ತುಂಬಾ ಒಳ್ಳೆಯವರು." ಹುಡುಗನೋ ಹುಡುಗಿಯೋ ಗೊತ್ತಾಗಲಿಲ್ಲ. 'ಅವರು' ಅಂತ ಅಂದರೆ ಹೇಗೆ ಗೊತ್ತಾಗಬೇಕು?

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರಿಗೆ ಏನು ಇಷ್ಟವೋ ಅದನ್ನು ಮಾಡಿ ಬಡಿಸಬೇಕು, ಹೊಸ ಬಟ್ಟೆ ಇಡಬೇಕು. ಅಪ್ಪನ ಎಲೆಗೆ ಕಜ್ಜಾಯ, ಒಂದು ಕಟ್ಟು ಬೀಡಿ, ಪಂಚೆ. ಅಜ್ಜಿಯ ಎಲೆಗೆ ಅವರೆಕಾಳು ಸಾರು, ಎಲೆ ಅಡಿಕೆ, ಸೀರೆ. 2018ರಿಂದ ಅಮ್ಮ ಇನ್ನೊಂದು ಎಲೆ ಹಾಕುತ್ತಿದ್ದಾಳೆ. ಮೊದಲ ವರ್ಷ ಆ ಎಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಪಂಚೆ ಇಡುವುದೋ ಸೀರೆ ಇಡುವುದೋ ಗೊತ್ತಿಲ್ಲ. ಮಾಂಸ ತಿನ್ನುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಕೊನೆಗೆ ಒಳಗೆ ಹೋಗಿ ಹೊಲಿಸದ ಒಂದು ಬಿಳಿ ಬಟ್ಟೆ ತಂದಿಟ್ಟಳು. ಅಡುಗೆಮನೆಯಲ್ಲಿ ಮಾಡಿದ್ದ ಎಲ್ಲದರಲ್ಲೂ ಒಂದೊಂದು ತುತ್ತು ಬಡಿಸಿದಳು. ಆಮೇಲೆ ತಮ್ಮನನ್ನು ಕರೆದು, "ನಿನಗೆ ಈಗ ಹೊಸದಾಗಿ ಏನಾದ್ರೂ ತಿನ್ಬೇಕು ಅನ್ಸುತ್ತೇನೋ? ಮೊದಲು ಇಷ್ಟ ಇಲ್ದೆ ಇದ್ದಿದ್ದು?" ಅಂತ ಕೇಳಿದಳು.